ಸ್ಕಾಟ್ಲೆಂಡ್ ಸಾಹುಕಾರರು

ಪರದೇಶದಲ್ಲಿ ಹತ್ತು ವರ್ಷ ನೆಲೆಸಿ ಬಂದವನು ಆ ದೇಶದ ವಿಚಾರವಾಗಿ ಬಾಯಿಬಿಡಲು ಅಳುಕುತ್ತಾನೆ. ಆರು ತಿಂಗಳು ಇದ್ದು ಬಂದವನು ಕೇಳಿದವರಿಗೆ ಕೇಳಿದಷ್ಟು ಹೇಳುತ್ತಾನೆ. ಮೂರು ದಿನ ನೋಡಿ ಬಂದವನಿಗೆ ಮಾತ್ರ ಅಲ್ಲಿಯ ಚರಿತ್ರೆ, ಹವಾಮಾನ, ರಾಜಕಾರಣ, ಜನರ ಅಂತರಂಗ ಇವುಗಳಲ್ಲಿ ತಿಳಿಯದ ಅಂಶವೊಂದೂ ಉಳಿದಿರುವುದಿಲ್ಲ. ಈ ಕಡೆಯ ವರ್ಗದ ಮಹನೀಯರು ಈಚೆಗೆ ನಮ್ಮ ತಾಲ್ಲೂಕುಗಳಲ್ಲೆಲ್ಲ ಒಬ್ಬಿಬ್ಬರಾದರೂ ದೊರೆಯುತ್ತಾರೆ. ಮಗನೋ ಮಗಳೋ ವಿಲಾಯಿತಿಯಲ್ಲಿ ಉದ್ಯೋಗಸ್ಥರಾಗಿ, ಬಾಣಂತನದ ನಿಮಿತ್ತ ತಾಯಿಯನ್ನು ಕರೆಸಿಕೊಂಡಾಗ, ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟಿನೊಡನೆ ತಾವೂ ಹೊರಟು, ಹೋದ ಮೇಲೆ ಮಾಡಲು ಕೆಲಸವಿಲ್ಲದೆ ಕಿಟಕಿಯಾಚೆ ಮಳೆಯನ್ನು ನೋಡುತ್ತ ಕುಳಿತವರನ್ನು ಕಂಡು ಮಗನು ಮರುಗಿ, ಶುಕ್ರವಾರ ಹೊರಟು ಭಾನುವಾರ ಮರಳುವಂತೆ ಎಡಿನ್‌ಬರೋ ನಗರಕ್ಕೆ ಕರೆದೊಯ್ದಿರುತ್ತಾನೆ. ಅದರ ಫಲವನ್ನು ಮಗನು ಉಣ್ಣುವುದಿಲ್ಲ, ಊರಿನವರು ಉಣ್ಣುತ್ತಾರೆ.

ಸಿಂಧನೂರಿನ ನಮ್ಮ ದಲಾಲಿ ಅಂಗಡಿಯ ಸಾಹುಕಾರರು ಈ ವರ್ಗಕ್ಕೆ ಭೂಷಣಪ್ರಾಯರು. ಭತ್ತದ ವ್ಯವಹಾರದ ನಿಮಿತ್ತ ಅವರು ಆರ್.ಎಚ್. ಕ್ಯಾಂಪಿಗೆ ಆಗಾಗ ಬರುವುದುಂಟು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರವು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೆಲೆ ಮಾಡಿಕೊಟ್ಟ ಈ ಪುನರ್ವಸತಿ ಶಿಬಿರಗಳಲ್ಲಿ ಒಂದರ ರಸ್ತೆಬದಿಗೆ ಚಹಾದಂಗಡಿಯೊಂದಿದೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ರಸಗುಲ್ಲವೂ ಮಿರ್ಚಿಯೂ ಅಕ್ಕಪಕ್ಕದಲ್ಲಿ ಸೌಹಾರ್ದದಿಂದ ಇರುತ್ತವೆ. ಅದರ ಯಜಮಾನರನ್ನು ಸುತ್ತಣ ಕನ್ನಡಿಗರೆಲ್ಲ ದಾದಾ ಎಂದು ಕರೆಯುತ್ತಾರೆ. ಸಾಹುಕಾರರ ಉಪನ್ಯಾಸಪೀಠವಿರುವುದು ಈ ಅಂಗಡಿಯ ಬೆಂಚಿನ ಮೇಲೆ.

ಉಪನ್ಯಾಸಕ್ಕೆ ಪೀಠಿಕೆ ಬೇಕಾಗಿಲ್ಲ. ಯಾರಾದರೂ ‘ಇವತ್ತು ಬಿಸಿಲು ಭಾಳ ಐತಿ’ ಎಂದರೆ ಸಾಕು. ಎಡಿನ್‌ಬರೋದಲ್ಲಿ ಒಂದೇ ದಿನದೊಳಗೆ ಮಳೆ, ಬಿಸಿಲು, ಚಳಿ ಮೂರೂ ಬಂದುಹೋಗುವ ವೃತ್ತಾಂತವು ತೊಡಗುತ್ತದೆ. ಅಲ್ಲಿಂದ ಕೋಟೆ. ಅದು ಎಂದೋ ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ನಿಂತಿದೆ. ಅಲ್ಲಿಂದ ಹೋಲಿರೂಡ್ ಅರಮನೆಯವರೆಗೆ ಇಳಿಜಾರಾಗಿ ರಾಜಬೀದಿಯೊಂದು ಇಳಿದಿದೆ. ಕೋಟೆಗೆ ಪ್ರವೇಶಶುಲ್ಕವು ತಲೆಗೆ ಒಂದು ಚೀಲ ಸೋನಾಮಸೂರಿ ಭತ್ತ. ಸಾಹುಕಾರರು ಪೌಂಡನ್ನು ರೂಪಾಯಿಗೆ ತಿರುಗಿಸುವ ಗೋಜಿಗೆ ಹೋಗುವವರಲ್ಲ. ನೇರವಾಗಿ ಚೀಲಕ್ಕೆ ತಿರುಗಿಸುತ್ತಾರೆ. ಆದ್ದರಿಂದ ಕೇಳುವ ರೈತರಿಗೆ ಬ್ರಿಟನ್ನಿನ ಅರ್ಥವ್ಯವಸ್ಥೆಯು ಹಣಕಾಸಿನ ಪಂಡಿತರಿಗಿಂತ ಚೆನ್ನಾಗಿ ಅರ್ಥವಾಗಿಬಿಟ್ಟಿದೆ.

ಸೇಂಟ್ ಜೈಲ್ಸ್ ಚರ್ಚಿನ ಬಳಿ, ಹಿಂದೆ ಸೆರೆಮನೆಯಿದ್ದ ಸ್ಥಳದಲ್ಲಿ, ನೆಲದ ಕಲ್ಲುಗಳನ್ನು ಹೃದಯದ ಆಕಾರದಲ್ಲಿ ಜೋಡಿಸಿದ್ದಾರೆ; ಅದರ ಮೇಲೆ ಉಗುಳಿದರೆ ಅದೃಷ್ಟವೆಂದು ಅಲ್ಲಿಯವರ ನಂಬಿಕೆ. ಈ ಸಂಗತಿಯನ್ನು ಸಾಹುಕಾರರು ಗಂಭೀರವಾಗಿ ನಿರೂಪಿಸಿದ ದಿನ, ಮೂಲೆಯಲ್ಲಿ ಕುಳಿತಿದ್ದ ಟ್ರ್ಯಾಕ್ಟರ್ ಚಾಲಕನೊಬ್ಬನು, ‘ಹಂಗಾದ್ರ ನಮ್ಮ ಬಸ್‌ಸ್ಟ್ಯಾಂಡಿನ ಅದೃಷ್ಟಕ್ಕ ಯಾರ ದೃಷ್ಟಿ ಬಡೀತ್ರಿ?’ ಎಂದು ಕೇಳಿದನು. ಸಾಹುಕಾರರು ಕೇಳಿಸದವರಂತೆ ಮುಂದಿನ ಅಧ್ಯಾಯಕ್ಕೆ ನಡೆದರು.

ಮುಂದಿನ ಅಧ್ಯಾಯವು ತೋಪಿನದು. 1861ರಿಂದಲೂ ಆ ಕೋಟೆಯ ಮೇಲೆ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. ಕಡಲಿನ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲೆಂದು ಮೊದಲಾದ ಪದ್ಧತಿ. ತೋಪಿನ ಸದ್ದಿಗೆ ತಾವು ಬೆಚ್ಚಿದುದು, ಬೆಚ್ಚಿ ಕೊಡೆಯನ್ನು ಕೈಬಿಟ್ಟುದು, ಕೊಡೆಯನ್ನು ಒಬ್ಬ ದೊರೆಸಾನಿ ಎತ್ತಿಕೊಟ್ಟುದು, ಇವೆಲ್ಲ ಸಾಹುಕಾರರ ಬಾಯಲ್ಲಿ ಪುರಾಣದಷ್ಟು ಬೆಳೆದಿದ್ದವು. ಮೊಬೈಲು ಹಿಡಿದ ಹೈಸ್ಕೂಲಿನ ಹುಡುಗನೊಬ್ಬನು ‘ಸಾವ್ಕಾರ್ರೀ, ನೀವು ಕೋಟೆಗೆ ಹೋಗಿದ್ದು ಐತಾರ ಅಂದ್ರಿ; ಐತಾರ ತೋಪು ಹಾರಸಂಗಿಲ್ಲಂತ ಇದರಾಗ ಐತಿ’ ಎಂದಾಗ, ಅರೆಕ್ಷಣವೂ ತಡೆಯದೆ, ‘ಹೌದಪ, ದಿನಾ ಹಾರಸಂಗಿಲ್ಲ; ನಾವು ಅಷ್ಟು ದೂರದಿಂದ ಬಂದೀವಿ ಅಂತ ಅವತ್ತು ಹಾರಿಸಿದ್ರು’ ಎಂದುಬಿಟ್ಟರು. ಇಂಥ ಪ್ರತ್ಯುತ್ಪನ್ನಮತಿ ಇಲ್ಲದವನು ಪ್ರವಾಸ ಹೋಗಿ ಪ್ರಯೋಜನವಿಲ್ಲ.

ವಾಲ್ಟರ್ ಸ್ಕಾಟನ ಸ್ಮಾರಕಗೋಪುರಕ್ಕೆ 287 ಮೆಟ್ಟಿಲುಗಳಿವೆಯೆಂಬುದನ್ನು ಅವರು ಏದುಸಿರಿನ ಅಭಿನಯದೊಡನೆ ಹೇಳುವುದುಂಟು. ಹತ್ತಿದವರು ಅವರ ಧರ್ಮಪತ್ನಿಯವರೆಂದೂ, ಸಾಹುಕಾರರು ಕೆಳಗಿನ ಬೆಂಚಿನಲ್ಲಿ ಚೀಲ ಕಾಯುತ್ತಿದ್ದರೆಂದೂ ಆ ತಾಯಿಯೇ ನಮ್ಮ ಮನೆಯ ಹೆಂಗಸರಿಗೆ ಹೇಳಿರುವರು. ಆಕೆ ಇದನ್ನು ಒಮ್ಮೆ ಮಾತ್ರ ಹೇಳಿದರು. ಹ್ಯಾಗಿಸ್ ಎಂಬ ಭಕ್ಷ್ಯದ ಪ್ರಕರಣದಲ್ಲಿಯೂ ಹೀಗೆಯೇ: ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್ ಬೆರೆಸಿ, ಜಠರದ ಚೀಲದಲ್ಲಿ ತುಂಬಿ ಬೇಯಿಸುವ ವಿಧಾನವನ್ನು, ಶಿವಭಕ್ತರಾದ ಸಾಹುಕಾರರು ಕಿವಿ ಮುಚ್ಚಿಕೊಂಡು ವರ್ಣಿಸುತ್ತಿದ್ದರೆ, ಬೋಟಿಯ ಸಾರಿನ ರುಚಿ ಬಲ್ಲ ಶ್ರೋತೃಗಳ ಬಾಯಲ್ಲಿ ನೀರೂರುತ್ತಿತ್ತು.

ಅವರು ಸ್ವದೇಶವನ್ನು ಕಡೆಗಣಿಸಿದರೆಂದು ಯಾರೂ ಹೇಳಕೂಡದು. ಮಗನ ಸ್ನೇಹಿತರು ಬಂದಾಗ ಅವರಿಗೂ ಎಡಿನ್‌ಬರೋ ಕ್ರಮದಲ್ಲಿಯೇ ಪ್ರವಾಸ ಏರ್ಪಡಿಸಿದರು. ಮಸ್ಕಿಯಲ್ಲಿ ಹನ್ನೆರಡು ನಿಮಿಷ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಸಾರಿ ವಿದ್ವಾಂಸರ ಸಂದೇಹವನ್ನು ಕಳೆದ ಆ ಶಾಸನದ ಬಂಡೆಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡದ್ದಾಯಿತು. ಹಟ್ಟಿಯ ಗಣಿಯನ್ನು ಕಾರಿನಿಂದಲೇ ಬೆರಳು ಮಾಡಿ ತೋರಿಸಿದರು. ಮುದಗಲ್ಲಿನಲ್ಲಿ ಬಹಮನಿಯವರೂ ವಿಜಯನಗರದವರೂ ಆದಿಲಶಾಹಿಗಳೂ ಸರದಿಯ ಮೇಲೆ ಕಾದಾಡಿದ ಆ ಕೋಟೆಯ ಕಂದಕ, ಬಾಗಿಲು, ಬುರುಜುಗಳನ್ನೆಲ್ಲ ಒಮ್ಮೆ ನಿಟ್ಟಿಸಿ, ‘ಟಿಕೀಟು ಕೇಳೋರೇ ಇಲ್ಲ ಅಂದಮ್ಯಾಲೆ ಇದರಾಗ ನೋಡೋದು ಏನೈತ್ರಿ?’ ಎಂದು ತೀರ್ಪಿತ್ತರು.

ಈ ಭಾಗಕ್ಕೂ ಸ್ಕಾಟ್ಲೆಂಡಿಗೂ ಹಳೆಯ ನಂಟುಂಟೆಂದು ನಾನೊಮ್ಮೆ ಅವರಿಗೆ ತಿಳಿಸಿದೆನು. ಹೊಳೆಯಾಚೆಯ ಬಳ್ಳಾರಿ ಮೊದಲಾದ ಸೀಮೆಗಳಿಗೆ 1800ರಿಂದ 1807ರವರೆಗೆ ಕಲೆಕ್ಟರನಾಗಿದ್ದು ರೈತವಾರಿ ಕಂದಾಯಕ್ಕೆ ತಳಹದಿ ಹಾಕಿದ ಥಾಮಸ್ ಮನ್ರೋ, ಮಂತ್ರಾಲಯದಲ್ಲಿ ರಾಯರೊಡನೆ ಮಾತಾಡಿದನೆಂದು ಭಕ್ತರು ಹೇಳುವ ಅದೇ ಸಾಹೇಬನು, ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ಮರುವಾರದಿಂದ ಮನ್ರೋ ‘ನಮ್ಮ ಕಡೆಯವ’ನಾದನು, ಗ್ಲಾಸ್ಗೋ ಸಾಹುಕಾರರ ನಾಲಿಗೆಯ ಮೇಲೆ ಎಡಿನ್‌ಬರೋದ ಒಂದು ಓಣಿಯಾಯಿತು.

ಇಷ್ಟು ದಿನವೂ ದಾದಾ ಚಹಾ ಸೋಸುತ್ತ ಕೇಳುತ್ತಿದ್ದರೇ ಹೊರತು ಮಾತನಾಡಿದವರಲ್ಲ. ಗಡಿ ದಾಟಿ, ಶಿಬಿರದಿಂದ ಶಿಬಿರಕ್ಕೆ ಸಾಗಿ, ಭಾಷೆಯರಿಯದ ಈ ಕರಿಮಣ್ಣಿನ ಸೀಮೆಯಲ್ಲಿ ಇಳಿದ ಆ ತಲೆಮಾರಿನ ಪ್ರಯಾಣವು ಯಾವ ಬೆಂಚಿನ ಮೇಲೂ ಉಪನ್ಯಾಸವಾದುದನ್ನು ನಾನು ಕೇಳಿಲ್ಲ. ಸಾಹುಕಾರರು ತಮ್ಮ ಪಾಸ್‌ಪೋರ್ಟನ್ನು ತಂದು ತೋರಿಸಿದ ದಿನ, ಉಳಿದವರು ಭಾವಚಿತ್ರ ನೋಡಿ ನಕ್ಕು ದಾಟಿಸಿದರು; ದಾದಾ ಮಾತ್ರ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, ಒಂದೊಂದೇ ಹಾಳೆ ತಿರುವಿ, ಮೊಹರು ಬಿದ್ದ ಕಡೆ ಹೆಬ್ಬೆರಳು ಸೋಕದಂತೆ ಹಿಡಿದು ನೋಡಿದರು. ಕಾಗದಪತ್ರಕ್ಕಾಗಿ ಕಚೇರಿ ಅಲೆದವರಿಗೆ ಮೊಹರಿನ ಬೆಲೆ ಗೊತ್ತು. ಅದನ್ನು ಹಿಂತಿರುಗಿಸುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸಾವ್ಕಾರ್ರೇ, ಆ ಊರು ಸಮುದ್ರದ ಬಾಜು ಐತಿ ಅಂದ್ರಿ. ಅಲ್ಲಿ ಯಾವ ಮೀನು ಸಿಗ್ತದ್ರಿ?’

ಸಾಹುಕಾರರು ಬಾಯಿ ತೆರೆದರು, ಮುಚ್ಚಿದರು. ಕೋಟೆಯೂ ತೋಪೂ ಮನ್ರೋವೂ ಯಾರೂ ನೆರವಿಗೆ ಬರಲಿಲ್ಲ. ತಾವು ಶಾಕಾಹಾರಿಗಳೆಂದು ಹೇಳಿ ನೋಡಿದರು. ದಾದಾ ಮರ್ಯಾದೆಯಿಂದಲೇ ತಲೆಯಾಡಿಸಿ, ‘ತಿನ್ನದಿದ್ರ ಬ್ಯಾಡ್ರಿ, ಸಂತ್ಯಾಗ ಕಣ್ಣಿಗಾದ್ರೂ ಬೀಳಬೇಕಿತ್ತಲ್ರಿ’ ಎಂದು ಒಲೆಯ ಕಡೆ ತಿರುಗಿದರು. ಅಂದಿನಿಂದ ಅಂಗಡಿಯಲ್ಲಿ ಸ್ಕಾಟ್ಲೆಂಡಿನ ದರ ಇಳಿದಿದೆ. ಸಾಹುಕಾರರು ಈಗ ಹೆಚ್ಚಾಗಿ ಕಾಲುವೆಯ ನೀರಿನ ವಿಚಾರ ಮಾತನಾಡುತ್ತಾರೆ. ಅದರಲ್ಲಿ ಅವರ ತಿಳಿವಳಿಕೆ ನಿಜವಾಗಿಯೂ ದೊಡ್ಡದು.

ವಾಚಕರಲ್ಲಿ ಯಾರಾದರೂ ಎಡಿನ್‌ಬರೋಗೆ ಹೊರಟಿದ್ದರೆ ಒಂದು ವಿಜ್ಞಾಪನೆ. ಕೋಟೆಯನ್ನು ನೋಡಿರಿ, ಗೋಪುರವನ್ನು ಶಕ್ತಿಯಿದ್ದರೆ ಹತ್ತಿರಿ, ತೋಪಿನ ಸದ್ದು ಬೇಕಾದರೆ ಭಾನುವಾರ ಬಿಟ್ಟು ಹೋಗಿರಿ. ಆದರೆ ಸಿಂಧನೂರಿನ ಮೇಲೆ ಹಿಂದಿರುಗುವವರಾದರೆ, ಅಲ್ಲಿಯ ಮೀನುಗಳ ಹೆಸರನ್ನು ದಯವಿಟ್ಟು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿರಿ.