ತಾರಸಿ ಮೇಲೆ ಬಿಟ್ಟ ಕಂಬಿಗಳಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಕಂಬಿಗಳೇ,

ನಾವು ಕೆಳಗೆ ಕ್ಷೇಮ. ಮೇಲಿನ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವ ಅಗತ್ಯವಿಲ್ಲ. ಕಾಲಂಗಳ ಬುಡದಿಂದ ಗೋಡೆಯುದ್ದಕ್ಕೂ ಇಳಿದಿರುವ ಕಂದು ಗೆರೆಗಳಲ್ಲಿ ನೀವೇ ಪ್ರತಿ ಮಳೆಗಾಲ ಬರೆದು ತಿಳಿಸುತ್ತಿದ್ದೀರಿ. ಒಂಬತ್ತು ಕಾಲಂ, ಕಾಲಂ ಒಂದಕ್ಕೆ ಆರರಂತೆ ಐವತ್ತನಾಲ್ಕು ಜನ ಒಂದೇ ಸೂರಿನ ಮೇಲಿದ್ದೀರಿ. ಇಷ್ಟು ದೊಡ್ಡ ಅವಿಭಕ್ತ ಕುಟುಂಬ ನಮ್ಮ ತಿಪಟೂರಿನಲ್ಲಿ ಈಗ ಇನ್ನೊಂದು ಉಳಿದಿರಲಾರದು.

ಈ ಪತ್ರವನ್ನು ಮೆಟ್ಟಿಲು ಹತ್ತಿ ಬಂದು ನಿಮಗೇ ಓದಿ ಹೇಳಬಹುದಿತ್ತು. ಬಹಿರಂಗವಾಗಿ ಬರೆಯುತ್ತಿರುವುದು ಯಾಕೆಂದರೆ ನಿಮ್ಮ ನೆಂಟರಿಷ್ಟರು ಊರೂರಲ್ಲೂ ಇದ್ದಾರೆ. ಬೆಂಗಳೂರಿಂದ ಅರಸೀಕೆರೆ ಕಡೆ ಹೊರಟ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರ ಎಲ್ಲ ಕಡೆಯೂ ತೆಂಗಿನ ತೋಟ ಮುಗಿದಲ್ಲಿ ನಿಮ್ಮ ತೋಟ ಶುರುವಾಗುತ್ತದೆ. ತೆಂಗಾದರೆ ಏಳೆಂಟು ವರ್ಷಕ್ಕೆ ಫಸಲಿಗೆ ಬರುತ್ತದೆ. ನೀವು ನೆಟ್ಟಾಗಿನಿಂದ ನೆಟ್ಟಗೇ ನಿಂತಿದ್ದೀರಿ.

ನಿಮ್ಮ ಜನ್ಮವೃತ್ತಾಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಅದು 2004. ಅಜ್ಜನ ಕಾಲದ ಮನೆ ಕೆಡವಿ ಕಟ್ಟಿದ ಈ ಮನೆಗೆ ಮೌಲ್ಡ್ ಹಾಕಿಸಿದ ದಿನ. ಮಿಕ್ಸರ್ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದು, ಸಂಜೆಯೊಳಗೆ ಕಾಂಕ್ರೀಟು ಬಿದ್ದು ಮುಗಿದಿತ್ತು. ಬಾರ್ ಬೆಂಡಿಂಗ್ ಹುಡುಗ ಕೇಳಿದ, 'ಕಂಬಿ ಎಷ್ಟು ಬಿಡ್ಲಿ ಸಾರ್?' ಮೇಸ್ತ್ರಿ ಲೆಕ್ಕ ಹೇಳಿದರು. ಮುಂದೆ ಜೋಡಿಸಲು ಕಂಬಿಯ ದಪ್ಪದ ಐವತ್ತು ಪಟ್ಟು ಉದ್ದ ಇದ್ದರೆ ಸಾಕು, ಹನ್ನೆರಡು ಎಂ.ಎಂ. ಕಂಬಿಗೆ ಎರಡಡಿ. ನಮ್ಮ ಯಜಮಾನರು, 'ಮೂರಡಿ ಬಿಡಪ್ಪಾ, ಇಬ್ರು ಗಂಡ್‌ಮಕ್ಳವ್ರೆ' ಎಂದರು. ಒಂದಡಿ ಹೆಚ್ಚುವರಿ ವಂಶಕ್ಕೆ. ಆ ಮಾತು ಆಡುವಾಗ ಕಾಫಿ ಲೋಟಗಳ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಮ್ಮ ಮಗಳು. ಆಗ ಅವಳು ಎಂಟನೇ ಕ್ಲಾಸು.

ನಿಮ್ಮ ಜಾಗದಲ್ಲಿ ಮೊದಲು ಏನಿತ್ತು ಎಂಬುದನ್ನೂ ಹೇಳಬೇಕು. ಹಳೇ ಮನೆಯಲ್ಲಿ ನೀವೀಗ ನಿಂತ ಎತ್ತರದಲ್ಲೇ ಕೊಬ್ಬರಿ ಅಟ್ಟವಿತ್ತು. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿರಲಿಲ್ಲ. ಕೆಳಗಿನ ಒಲೆಯ ಶಾಖಕ್ಕೆ ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಸುಲಿಸಿ, ಒಡೆಸಿ, ಇಡೀ ಗಿಟುಕನ್ನು ಮಾರ್ಕೆಟ್ಟಿಗೆ ಕಳಿಸುತ್ತಿದ್ದೆವು. ಮನೆಯ ಅತ್ಯಂತ ಎತ್ತರದ ಜಾಗ ಮನೆಗೆ ಅನ್ನ ಹಾಕುವ ಪದಾರ್ಥಕ್ಕೆ ಮೀಸಲಾಗಿತ್ತು. ಆ ಅಟ್ಟ ಕೆಡವಿ ನಿಮ್ಮನ್ನು ಕೂರಿಸಿದೆವು. ಕೊಬ್ಬರಿ ತೋಟದ ಶೀಟಿನ ಶೆಡ್ಡಿಗೆ ಹೋಯಿತು. 'ಮೇಲೆ ಕಟ್ಟುವಾಗ ಒಂದು ರೂಮು ಕೊಬ್ಬರಿಗೇ ಬಿಡೋಣ' ಎಂದು ಅದಕ್ಕೂ ಮಾತು ಕೊಟ್ಟಾಗಿದೆ.

ನಿಮ್ಮ ಮಹಡಿ ಏಳುವುದೂ ಬೀಳುವುದೂ ಆ ಕೊಬ್ಬರಿ ಹರಾಜಿನ ಹಲಗೆಯ ಮೇಲೇ. 2023ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಅಷ್ಟೂ ಗಿಟ್ಟಲಿಲ್ಲ. 'ರೇಟು ಬರಲಿ, ಎತ್ತೋಣ' ಎಂದರು. 2025ರಲ್ಲಿ ರೇಟು ಇಪ್ಪತ್ತು ಸಾವಿರ ದಾಟಿ ಊರೆಲ್ಲ ಹಿಗ್ಗಿತು. ನಾನೂ ನಿಮ್ಮ ಪರವಾಗಿ ಕೇಳಿದೆ. 'ಈಗ ಕೂಲಿ ಎಷ್ಟಾಗಿದೆ ಗೊತ್ತಾ, ಎಂ-ಸ್ಯಾಂಡ್ ಲೋಡಿಗೆ ಎಷ್ಟು ಗೊತ್ತಾ, ಈ ರೇಟಲ್ಲಿ ಬುದ್ಧಿ ಇರೋರು ಯಾರಾದ್ರೂ ಕಟ್ತಾರಾ?' ಎಂದರು. ಕೊಬ್ಬರಿ ಬಿದ್ದರೆ ದುಡ್ಡಿಲ್ಲ, ಎದ್ದರೆ ಬುದ್ಧಿ ಇದೆ.

ನಿಮ್ಮಿಂದ ನಮಗಾದ ಉಪಕಾರ ಮರೆಯುವವಳಲ್ಲ ನಾನು. ಬಟ್ಟೆ ಒಣಗಿಸುವ ತಂತಿಗೆ ಆಧಾರ ನೀವೇ. ಸಂಡಿಗೆ ಹಾಕಿದ ದಿನ ಕಾಗೆ ಓಡಿಸುವ ಕಪ್ಪು ಲಂಗದ ಚೂರು ಹಾರಾಡುವುದು ನಿಮ್ಮ ಮೇಲೆ. ಡಿಶ್ ಬುಟ್ಟಿಯ ಬೆನ್ನು ಕಟ್ಟಿರುವುದು ನಿಮಗೆ. ಆಷಾಢದಲ್ಲಿ ಬೀದಿ ಮಕ್ಕಳ ಗಾಳಿಪಟಗಳೆಲ್ಲ ಬಂದು ಸಿಕ್ಕುವುದು ನಿಮ್ಮಲ್ಲೇ. 2022ರ ಆಗಸ್ಟಿನಲ್ಲಿ ಮನೆಮನೆಗೂ ಬಾವುಟ ಬಂದಾಗ ಊರಲ್ಲಿ ಕೋಲು ಹುಡುಕುವವರಿಗೆ ಹುಡುಕಾಟ, ನಮಗೆ ಐವತ್ತನಾಲ್ಕು ಆಯ್ಕೆ. ಬಗ್ಗಿ ಬಟ್ಟೆ ಹಿಂಡುವಾಗ ಕಣ್ಣಿಗೆ ಚುಚ್ಚದಿರಲಿ ಎಂದು ನಾನೇ ನಿಮ್ಮ ತಲೆಗಳಿಗೆ ಖಾಲಿ ನೀರಿನ ಬಾಟಲಿ ಬೋರಲು ಹಾಕಿದ್ದೇನೆ. ಬಿಸಿಲಿಗೆ ಅವು ಸೀಳಿ ಚೂರಾಗುತ್ತವೆ, ನೆಂಟರು ಬಂದು ಹೋದ ಮೇಲೆ ಹೊಸ ಬಾಟಲಿ ಸಿಗುತ್ತದೆ. ಬೇರೆ ಯಾವ ದೇವರಿಗೂ ನಾನು ಇಷ್ಟು ಸಲ ಕಿರೀಟ ಬದಲಾಯಿಸಿಲ್ಲ.

ಸಂಬಂಧ ಕುದುರಿಸುವುದರಲ್ಲಿ ನಿಮ್ಮ ಕೈ ದೊಡ್ಡದು. ದೊಡ್ಡ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದಾಗ ಉಪ್ಪಿಟ್ಟು ಆರಲು ಬಿಟ್ಟು ಯಜಮಾನರು ಅವರನ್ನು ತಾರಸಿಗೆ ಕರೆದೊಯ್ದಿದ್ದರು. 'ಪಾಯ ಮೂರು ಅಂತಸ್ತಿಗೆ ಹಾಕ್ಸಿದೀನಿ' ಎಂದರು. ಬೀಗರಾಗಲಿದ್ದವರು ಒಂದು ಕಂಬಿ ಹಿಡಿದು ಅಲ್ಲಾಡಿಸಿ ನೋಡಿ, ತಲೆದೂಗಿ, ಕೆಳಗಿಳಿದು ತಾಂಬೂಲ ಬದಲಾಯಿಸಿದರು. ಹುಡುಗನನ್ನು ಅಷ್ಟು ಪರೀಕ್ಷೆ ಮಾಡಲಿಲ್ಲ.

ಈಗ ತಕರಾರಿಗೆ ಬರುತ್ತೇನೆ.

ನೀವು ಬಂದಾಗಿನಿಂದ ಕೆಳಗಿನ ಮನೆಯಲ್ಲಿ ಯಾವ ಕೆಲಸವೂ ಮುಗಿಯುತ್ತಿಲ್ಲ. 'ಹೆಂಗೂ ಮೇಲೆ ಕಟ್ತೀವಲ್ಲ' ಎಂಬ ಒಂದು ಮಾತು ಈ ಮನೆಯಲ್ಲಿ ಮಂತ್ರದಂತೆ ನಡೆಯುತ್ತದೆ. ಮೆಟ್ಟಿಲಿಗೆ ಕಟಾಂಜನ ಇಲ್ಲ, ಹೆಂಗೂ ಮೇಲೆ ಕಟ್ಟುವಾಗ ಒಟ್ಟಿಗೇ ಹಾಕಿಸಬೇಕು. ಹಾಲ್‌ನಲ್ಲಿ ಮೀಟರ್ ಬೋರ್ಡಿನ ಪಕ್ಕ ಮುಚ್ಚಳವಿಲ್ಲದ ಪೆಟ್ಟಿಗೆಯಿಂದ ನಾಲ್ಕು ವೈರು ಕಪ್ಪು ಟೇಪು ಸುತ್ತಿಕೊಂಡು ನೇತಾಡುತ್ತಿವೆ, ಅಲ್ಲಿಂದಲೇ ಮೇಲಕ್ಕೆ ಕರೆಂಟು ಹೋಗಬೇಕು. ತಾರಸಿಗೆ ಇಳಿಜಾರು ಸರಿಯಿಲ್ಲ, ಮಳೆ ನೀರು ಮೂಲೆಯಲ್ಲಿ ನಿಂತು ಕಾಲಂ ಬುಡದಲ್ಲಿ ಇಳಿದು ಅಡುಗೆಮನೆ ಸೂರಿನಲ್ಲಿ ನಕ್ಷೆ ಬಿಡಿಸುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸಿ ಎಂದರೆ, 'ಮೇಲೆ ರೂಮು ಬಂದ್ರೆ ಇದು ಒಳಗಿನ ನೆಲ ಕಣೇ, ಯಾಕ್ ಸುಮ್ನೆ ದುಡ್ಡು?' ಎಂಬ ಉತ್ತರ. ಸದ್ಯ ಬಾಣಲೆಯ ಪಕ್ಕ ಒಂದು ಪಾತ್ರೆ ಇಡುತ್ತೇನೆ. ಆ ಪಾತ್ರೆಗೂ ಈಗ ಖಾಯಂ ಜಾಗ.

ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ಮಂಡಿ ಮಡಚಲು ಬರುವುದಿಲ್ಲ. ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿ, ಎರಡು ಮೆಟ್ಟಿಲು ಇಳಿದು ಹೋಗಬೇಕು. ರೂಮಿಗೆ ಹೊಂದಿಕೊಂಡು ಒಂದು ಸಣ್ಣ ಬಾತ್‌ರೂಮು, ಕೂರುವ ಕಮೋಡು, ಹಿಡಿದುಕೊಳ್ಳಲು ಗೋಡೆಗೊಂದು ಸ್ಟೀಲ್ ಸರಳು ಆದರೆ ಸಾಕು. ಅದಕ್ಕೆ ಪೈಪು ಒಡೆಯಬೇಕು. ಮೇಲೆ ಕಟ್ಟುವಾಗಲೂ ಪೈಪು ಒಡೆಯಬೇಕು. ಒಂದೇ ಮನೆಯನ್ನು ಎರಡು ಸಲ ಒಡೆಸುವುದು ಶುಭವಲ್ಲವಂತೆ. ಹಾಗಾಗಿ ಪ್ಲಾಸ್ಟಿಕ್ ಕುರ್ಚಿಯೊಂದರ ಮಧ್ಯೆ ಕಾಯಿಸಿದ ಕುಡುಗೋಲಿನಿಂದ ತೂತು ಕೊಯ್ದು, ಅಂಚಿಗೆ ಹಳೇ ಟವೆಲ್ ಸುತ್ತಿ ಹೊಲಿದು ಅವರಿಗೆ ಕೊಟ್ಟಿದ್ದೇವೆ. ಹಿಡಿದುಕೊಳ್ಳಲು ಐವತ್ತನಾಲ್ಕು ಸರಳು ನೀವು ಮೇಲೆ ಇದ್ದೀರಿ. ಕೆಳಗೆ ಒಂದು ಬೇಕಾಗಿದೆ, ಕೊಡುವವರಿಲ್ಲ.

ನೀವು ಯಾರ ದಾರಿ ಕಾಯುತ್ತಿದ್ದೀರೋ ಅವರ ಸುದ್ದಿ ಕೇಳಿ. ದೊಡ್ಡವನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಏಳನೇ ಮಹಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದಾನೆ. ಇಪ್ಪತ್ತು ವರ್ಷದ ಇಎಂಐ. ಅವನ ಸೂರು ಇನ್ನೊಬ್ಬರ ನೆಲ, ಕಂಬಿ ಬಿಡಲು ಆಕಾಶವೇ ಇಲ್ಲ. ಚಿಕ್ಕವನು ಡಲ್ಲಾಸ್‌ನಲ್ಲಿ ಮರದ ಚೌಕಟ್ಟಿನ ಮನೆಯಲ್ಲಿದ್ದಾನೆ, ಮೇಲಿನ ಅಂತಸ್ತು ಕೊಳ್ಳುವಾಗಲೇ ಕಟ್ಟಿಯಾಗಿತ್ತು. ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳುವುದು ಒಂದೇ ಮಾತು: 'ರಿಟೈರ್ ಆದ್ಮೇಲೆ ಅಲ್ಲಿಗೇ ಬರೋದು.' ಅವರು ರಿಟೈರ್ ಆಗುವ ಹೊತ್ತಿಗೆ ಅಪ್ಪನಿಗೆ ತೊಂಬತ್ತು ಸಮೀಪಿಸಿರುತ್ತದೆ. ಆ ಲೆಕ್ಕ ಯಜಮಾನರು ಹಾಕುವುದಿಲ್ಲ. ಮೇಷ್ಟ್ರು ಅವರು, ಗಣಿತವನ್ನೇ ಹೇಳಿಕೊಟ್ಟವರು.

ಕಳೆದ ಬೇಸಿಗೆಯಲ್ಲಿ ಬೀದಿಯ ಡಿಪ್ಲೊಮಾ ಓದಿದ ಹುಡುಗನೊಬ್ಬನನ್ನು ನಿಮ್ಮ ಆರೋಗ್ಯ ತಪಾಸಣೆಗೆ ಕರೆದಿದ್ದೆ. ಬಾಟಲಿ ಕಿರೀಟ ತೆಗೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿದ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಕಳಚಿ ಬಿತ್ತು. ಸುತ್ತಲಿದ್ದ ಏಣುಗಳು ಬೆರಳಿಗೆ ಸಿಗದಷ್ಟು ಸವೆದಿದ್ದವು. ಕ್ಯಾಲಿಪರ್ ಹಿಡಿದು ನೋಡಿ, 'ಹನ್ನೆರಡು ಇದ್ದದ್ದು ಹತ್ತಕ್ಕೆ ಬಂದಿದೆ ಆಂಟಿ' ಎಂದ. ಸಿಮೆಂಟಿನ ಕ್ಷಾರ ಒಳಗಿನ ಕಬ್ಬಿಣವನ್ನು ಕಾಯುತ್ತದಂತೆ, ಹೊರಗೆ ನಿಂತವರಿಗೆ ಆ ರಕ್ಷಣೆ ಇಲ್ಲ. ತುಕ್ಕಾದ ಕಬ್ಬಿಣ ಮೊದಲಿನದಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅದು ನಿಧಾನಕ್ಕೆ ಕಾಲಂ ಒಳಗೆ ಇಳಿದರೆ ಕಾಂಕ್ರೀಟನ್ನೇ ಒಳಗಿಂದ ಸೀಳುತ್ತದೆ. ಅಂದರೆ ಮೇಲಿನ ಮನೆಯ ಆಸೆ ಕೆಳಗಿನ ಮನೆಯನ್ನು ತಿನ್ನುತ್ತಿದೆ. ಇದು ನನ್ನ ಮಾತಲ್ಲ, ಸಿವಿಲ್ ಡಿಪ್ಲೊಮಾದ ಮಾತು.

ಪರಿಹಾರವನ್ನೂ ಅವನೇ ಹೇಳಿದ. ತುಕ್ಕು ಉಜ್ಜಿ, ಸಿಮೆಂಟ್ ಹಾಲು ಬಳಿದು, ಬಡ ಕಾಂಕ್ರೀಟಿನಲ್ಲಿ ಮುಚ್ಚಿಬಿಡಿ. ಕಟ್ಟುವ ಕಾಲ ಬಂದರೆ ಒಡೆದು ತೆಗೆಯಬಹುದು. ಯಜಮಾನರು ಒಪ್ಪಲಿಲ್ಲ. 'ಮುಚ್ಚಿದ್ರೆ ನಾವಿನ್ನು ಕಟ್ಟಲ್ಲ ಅಂತ ಬೀದಿಯವ್ರು ಅಂದ್ಕೊಳಲ್ವ?' ಇದ್ದಂತೆಯೇ ಇದ್ದರೆ ಕಟ್ಟುತ್ತೇವೆ ಎಂದು ಬೀದಿಯವರು ನಂಬಿದ್ದಾರೆಂಬುದು ಅವರ ಎಣಿಕೆ. ಎದುರುಮನೆಯವರ ತಾರಸಿಯಲ್ಲೂ ಕಂಬಿಗಳಿವೆ. ಅವರೂ ನಮ್ಮನ್ನು ನೋಡಿಯೇ ಸುಮ್ಮನಿದ್ದಾರೆ.

ಕಾನೂನಿನ ವಿಚಾರ ನಿಮ್ಮ ಕಿವಿಗೆ ಹಾಕುವುದು ಒಳ್ಳೆಯದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ನೀವು ತಲೆಯೆತ್ತಿದ್ದು ಅದಾಗಿ ಹತ್ತು ವರ್ಷಕ್ಕೆ. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2005ರಲ್ಲಿ, ನಿಮ್ಮ ಮೈಮೇಲಿನ ಸಿಮೆಂಟಿನ ಕಲೆ ಇನ್ನೂ ಹಸಿಯಾಗಿದ್ದಾಗ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿತು. ಮೂರು ಸಲ ಹೇಳಿದರೂ ನಿಮ್ಮವರೆಗೆ ಸುದ್ದಿ ತಲುಪಿಲ್ಲ. ಮಗಳ ಮದುವೆಗೆ ಚಪ್ಪರ ಹಾಕಿದಾಗ ಶಾಮಿಯಾನದ ಹಗ್ಗ ನಿಮಗೆ ಕಟ್ಟಿದ್ದರು. ನಿಮ್ಮಿಂದ ಅವಳಿಗೆ ಸಂದ ಪಾಲು ಅಷ್ಟೇ. ಅವಳು ಇರುವುದು ತುಮಕೂರಿನಲ್ಲಿ. ಅಜ್ಜಿಯ ಕುರ್ಚಿಗೆ ಟವೆಲ್ ಸುತ್ತಿ ಹೊಲಿದವಳು ಅವಳೇ. ಸೂರು ಸೋರಿದರೆ ಪೇಂಟಿನ ಅಂಗಡಿಯಿಂದ ಡಬ್ಬ ಹಿಡಿದು ಬರುವವಳೂ ಅವಳೇ.

ಆದ್ದರಿಂದ ನನ್ನ ಅಹವಾಲು ಇಷ್ಟು. ನಿಮ್ಮನ್ನು ತೂಕಕ್ಕೆ ಹಾಕಿ ನೋಡಿದ್ದೇನೆ. ಹನ್ನೆರಡು ಎಂ.ಎಂ. ಕಂಬಿ ಮೀಟರಿಗೆ ಮುಕ್ಕಾಲು ಕೆ.ಜಿ.ಗೆ ಮೇಲೆ, ಒಂದು ಕೆ.ಜಿ.ಗೆ ಒಳಗೆ ತೂಗುತ್ತದೆ. ಆ ಲೆಕ್ಕದಲ್ಲಿ ಹುಟ್ಟಿದ ದಿನ ನೀವೆಲ್ಲ ಸೇರಿ 44 ಕೆ.ಜಿ. ಇದ್ದಿರಿ. ತುಕ್ಕು ಕಳೆದರೆ ಈಗ ಇನ್ನೂ ಕಮ್ಮಿ. ಗುಜರಿಯವನು ಕೊಡುವ ದುಡ್ಡಿನಲ್ಲಿ ಕಮೋಡು ಬರುವುದಿಲ್ಲ, ಗೋಡೆಯ ಸ್ಟೀಲ್ ಸರಳು ಖಂಡಿತ ಬರುತ್ತದೆ. ಅಡುಗೆಮನೆ ಮೇಲಿನ ಮೂರು ಕಾಲಂಗಳ ಹದಿನೆಂಟು ಮಂದಿಯಾದರೂ ಸ್ವಯಂ ನಿವೃತ್ತಿ ಪಡೆದು ಸಹಕರಿಸಬೇಕು. ಉಳಿದವರು ಸಿಮೆಂಟಿನ ಟೋಪಿ ಹಾಕಿಸಿಕೊಂಡು ಮರ್ಯಾದೆಯಿಂದ ಕಾಯಬಹುದು. ಬಟ್ಟೆಯ ತಂತಿಗೆ ನಾನು ಬೇರೆ ಗೂಟ ನೋಡಿಕೊಳ್ಳುತ್ತೇನೆ.

ಇತಿ ನಿಮ್ಮ ಕೆಳಗಿನ ನಿವಾಸಿ,
ಮೇಷ್ಟ್ರ ಹೆಂಡತಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಮಗಳ ಫೋನು ಬಂತು. ಅವಳಿಗೆ ತಿಪಟೂರಿನ ಹತ್ತಿರದ ಶಾಲೆಗೇ ವರ್ಗವಾಗಿದೆ. ತಾರಸಿ ಮೇಲೆ ಎರಡು ರೂಮು ಎತ್ತಿಕೊಳ್ಳಲೇ, ಖರ್ಚು ತನ್ನದೇ, ಅಜ್ಜಿಯ ಬಾತ್‌ರೂಮೂ ಅದರಲ್ಲೇ ಆಗಿಹೋಗುತ್ತದೆ ಎಂದು ಕೇಳಿದಳು. ಯಜಮಾನರು ಕನ್ನಡಕ ತೆಗೆದು ಒರೆಸಿ, 'ಅಣ್ಣಂದಿರನ್ನ ಒಂದು ಮಾತು ಕೇಳ್ಬೇಕಲ್ಲಮ್ಮಾ' ಎಂದರು. ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜು ಹಾಕಿದ್ದಾಯಿತು. ಹಿಂದೊಮ್ಮೆ ಅಜ್ಜಿ ಬಿದ್ದ ದಿನ ಹಾಕಿದ ಮೆಸೇಜಿಗೆ ಮಾರನೇ ಬೆಳಿಗ್ಗೆ ಉತ್ತರಿಸಿದ್ದ ಡಲ್ಲಾಸ್‌ನವನು, ಅಲ್ಲಿ ನಡುರಾತ್ರಿಯಾಗಿದ್ದರೂ, ಹತ್ತು ನಿಮಿಷದೊಳಗೆ ಬರೆದಿದ್ದಾನೆ: 'ಸ್ವಲ್ಪ ತಡೀರಪ್ಪಾ, ಅಲ್ಲಿ ನಾವು ಕಟ್ಟೋ ಪ್ಲಾನಿದೆ.' ದೊಡ್ಡವನು ಅದಕ್ಕೆ ಹೆಬ್ಬೆರಳು ಒತ್ತಿದ್ದಾನೆ.