ಲಾರಿಗೆ ಕಾಣಿಸಿಕೊಳ್ಳುವ ಕಷ್ಟ

ಸಣ್ಣ ಊರಿನಲ್ಲಿ ಹಗಲುಹೊತ್ತು ಸೈಕಲ್ ತುಳಿಯುವವನು ಯಾರ ಕಣ್ಣಿಗೂ ಬೀಳದೆ ಹೋಗುವುದು ಆಗದ ಮಾತು. ಸೊಸೈಟಿ ಸಾಲ ಬಾಕಿಯಿದ್ದರಂತೂ ಕಾರ್ಯದರ್ಶಿಗೆ ಮೈಲಿ ದೂರದಿಂದಲೇ ಕಾಣುತ್ತಾನೆ. ಅದೇ ಮನುಷ್ಯ ಹೊತ್ತು ಮುಳುಗಿದ ಮೇಲೆ ಹೆದ್ದಾರಿಗೆ ಇಳಿದರೆ, ದೊಡ್ಡ ದೀಪ ಉರಿಸಿಕೊಂಡು ಬರುವ ಲಾರಿಗೇ ಕಾಣುವುದಿಲ್ಲ.

‘ನನಗೆ ಲಾರಿ ಕಂಡಿತಲ್ಲ, ಲಾರಿಯವನಿಗೆ ನಾನು ಕಾಣೆನೇ?’ ಎಂಬ ಧೈರ್ಯ ನಮ್ಮದು. ಗಂಟೆಗೆ 60 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ನುಂಗುತ್ತದೆ. ಚಾಲಕ ಹೌಹಾರಿ ಬ್ರೇಕಿಗೆ ಕಾಲಿಡುವುದರೊಳಗೆ ಧೈರ್ಯಕ್ಕೆ ಜಾಗ ಉಳಿದಿರುವುದಿಲ್ಲ.

ಹಿಂದೆ ಡೈನಮೋ ಇತ್ತು. ಟೈರಿನ ಪಕ್ಕೆಗೆ ಅದರ ತಲೆ ಒತ್ತಿದರೆ ಗುಯ್ಯೆನ್ನುತ್ತ ದೀಪ ಹತ್ತುತ್ತಿತ್ತು. ಏರು ಬಂದರೆ ನಮ್ಮ ಜೊತೆ ದೀಪಕ್ಕೂ ಏದುಸಿರು; ನಿಂತರೆ ಕತ್ತಲೆ. ದೀಪವಿಲ್ಲದವರ ಚಕ್ರದ ಗಾಳಿಯನ್ನು ಪೊಲೀಸರು ಬಿಡುತ್ತಿದ್ದುದರಿಂದ, ದೀಪ ಲಾರಿಗಿಂತ ಪೇದೆಗೆ ಕಂಡರೆ ಸಾಕೆಂಬುದು ಊರಿನ ಒಮ್ಮತ. ಬಲ್ಬು ಸುಟ್ಟವರು ಪೇದೆ ಕಂಡೊಡನೆ ಇಳಿದು, ಸಂಭಾವಿತರಂತೆ ತಳ್ಳಿಕೊಂಡು ಹೋಗುತ್ತಿದ್ದರು.

ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರಿನದು ಬೇರೆ ವಿದ್ಯೆ. ಕನ್ನಡಿಯಾದರೆ ಬಿದ್ದ ಬೆಳಕನ್ನು ಎತ್ತಲೋ ಎಸೆಯುತ್ತದೆ. ಇದರ ಒಳಮೈಯ ಪುಟಾಣಿ ಮೂಲೆಗಳಲ್ಲಿ ಮೂರು ಮುಖಗಳು ಕೂಡುತ್ತವೆ; ಬೆಳಕು ಒಂದೊಂದಕ್ಕೂ ಬಡಿದು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಆದರೆ ಕೆಸರು ಮೆತ್ತಿದರೆ, ಇಲ್ಲವೇ ಕ್ಯಾರಿಯರಿನ ಹುಲ್ಲಿನ ಹೊರೆ ಇಳಿಬಿದ್ದರೆ ವಿದ್ಯೆ ಅಲ್ಲಿಗೆ ಮುಗಿಯಿತು.

ಕಂಡರೂ ಅದೊಂದು ಕೆಂಪು ಚುಕ್ಕೆ ಅಷ್ಟೆ. ಮೈಲಿಗಲ್ಲೋ, ನಿಂತ ಟ್ರೇಲರೋ, ಮನುಷ್ಯನೋ ಚಾಲಕನಿಗೆ ಹೇಗೆ ತಿಳಿಯಬೇಕು? ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕತ್ತಲಲ್ಲಿ ಓಡಾಡುವವರ ಕೀಲುಗಳು ಮಾತ್ರ ಬೆಳಕಿನ ಚುಕ್ಕೆಗಳಾಗಿ ಕಾಣುವಂತೆ ಆತ ಮಾಡಿದ್ದ. ನಿಂತಿದ್ದರೆ ಬರೀ ಚುಕ್ಕೆ. ಅಲುಗಿದ ತಕ್ಷಣ ನೋಡುವವರಿಗೆ ‘ಓ, ಮನುಷ್ಯ!’

ಆದ್ದರಿಂದ ಪೆಡಲಿನ ಹಳದಿ ತುಂಡು, ಕಣಕಾಲಿಗೆ ಸುತ್ತುವ ಹೊಳೆಯುವ ಪಟ್ಟಿ ಇವೇ ಸೈಕಲ್ಲಿನ ದೀಪದ ಜೊತೆಗಿರಬೇಕಾದ ಆಭರಣಗಳು. ಮೇಲೆ ಕೆಳಗೆ ಆಡುತ್ತ ‘ಇಲ್ಲೊಬ್ಬ ತುಳಿಯುತ್ತಿದ್ದಾನೆ’ ಎಂದು ಸಾರುತ್ತವೆ. ಪ್ಯಾಂಟು ಚೈನಿಗೆ ಸಿಕ್ಕದಿರುವುದು ಮೇಲ್ಲಾಭ.

ತೊಡಕೊಂದೇ. ಇಳಿಜಾರಿನಲ್ಲಿ ಕಾಲಾಡಿಸದೆ ಕೂತು ಹೋಗುವುದು ಸೈಕಲ್ಲಿನ ಪರಮಸುಖ. ಆಗ ನಾವು ಮತ್ತೆ ಬರೀ ಚುಕ್ಕೆ. ಸುಮ್ಮನೆ ಪೆಡಲನ್ನು ಹಿಂದಕ್ಕಾದರೂ ತಿರುಗಿಸುತ್ತಿರಬೇಕು. ನೋಡಿದವರು ನಕ್ಕರೆ ನಗಲಿ. ನಗುವುದಕ್ಕೂ ಮೊದಲು ಕಂಡಿರಬೇಕಲ್ಲ!