ಫ್ರೇಮಿನ ಪರಮಭಕ್ತರು

ಗೋಡೆಯ ಕ್ಯಾಲೆಂಡರು ಒಂಚೂರು ವಾಲಿದ್ದರೂ ನಮ್ಮ ಮನೆಯ ಈ ಭಕ್ತರಿಗೆ ಊಟ ಸೇರದು. ಎಲೆಯಲ್ಲಿ ಉಪ್ಪಿನಕಾಯಿಗೆ ಸರಿಯಾಗಿ ಎದುರಿಗೇ ಕೋಸಂಬರಿ ಬಿದ್ದಿದೆಯೇ ಎಂದು ನೋಡಿ, ಫೋಟೊ ತೆಗೆದು, ಸಾರು ತಣ್ಣಗಾದ ಮೇಲೆ ಅನ್ನ ಕಲಸುತ್ತಾರೆ. ಅವರ ಆರಾಧ್ಯದೈವ ಅಮೆರಿಕದ ನಿರ್ದೇಶಕ ವೆಸ್ ಆಂಡರ್ಸನ್. ಹಬ್ಬಕ್ಕೆ ಮನೆಮಂದಿ ಸೇರಿದಾಗ ರಿಮೋಟು ಇವರ ಕೈಗೆ ಸಿಕ್ಕಿತೋ, ಮುಗಿಯಿತು ನಮ್ಮ ಕಥೆ: 'ದ ಡಾರ್ಜೀಲಿಂಗ್ ಲಿಮಿಟೆಡ್' ಶುರು.

2007ರ ಚಿತ್ರ. ಅಪ್ಪ ಸತ್ತಾಗಿನಿಂದ ಮಾತು ಬಿಟ್ಟಿದ್ದ ಮೂವರು ಅಮೆರಿಕನ್ ಅಣ್ಣತಮ್ಮಂದಿರು, ಅಪ್ಪನ ಸೂಟ್‌ಕೇಸುಗಳನ್ನೆಲ್ಲ ಹೇರಿಕೊಂಡು ನಮ್ಮ ದೇಶದ ರೈಲು ಹತ್ತುತ್ತಾರೆ.

"ಡಾರ್ಜೀಲಿಂಗ್ ಎಲ್ಲೋ? ಬರೀ ಮರಳೇ ಕಾಣ್ತಿದೆಯಲ್ಲ?" ಎಂದರು ದೊಡ್ಡಮ್ಮ.

"ಅದು ರೈಲಿನ ಹೆಸರು ದೊಡ್ಡಮ್ಮ. ಶೂಟಿಂಗ್ ಆಗಿದ್ದು ರಾಜಸ್ಥಾನದಲ್ಲಿ, ಓಡೋ ರೈಲಿನೊಳಗೇ. ಆ ನೀಲಿ ನೋಡಿ, ನೀಲಿ!"

ದೊಡ್ಡಮ್ಮ ನೀಲಿ ನೋಡಿದರು. ಅಷ್ಟರಲ್ಲಿ ರೈಲು ದಾರಿ ತಪ್ಪಿತು. ಹಳಿಯ ಮೇಲಿದ್ದುಕೊಂಡೇ! ರೈಲ್ವೆಯಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ ಸಿಡಿದೆದ್ದರು: "ಯಾವ ಸ್ಟೇಷನ್ ಮಾಸ್ಟರೋ ಬಿಟ್ಟವನು ಇದನ್ನ?" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಕ್ತರು ನಗಲಿಲ್ಲ. ಚಿತ್ರ ನಿಲ್ಲಿಸಿ, ಹಿಂದಿನ ದೃಶ್ಯದಲ್ಲಿ ಕ್ಯಾಮೆರಾ ಸರ್ರನೆ ತಿರುಗಿ ಗಕ್ಕನೆ ನಿಂತದ್ದನ್ನು ಯಾರೂ ಗಮನಿಸಲಿಲ್ಲವೆಂದು ನೊಂದುಕೊಂಡು, ಮತ್ತೆ ಹಿಂದಕ್ಕೋಡಿಸಿದರು. ಹಾಸ್ಯಚಿತ್ರವನ್ನು ಇಷ್ಟು ಗಂಭೀರವಾಗಿ ನೋಡುವುದೂ ಒಂದು ವಿದ್ಯೆಯೇ ಇರಬೇಕು.

ಕಾಲೇಜಿಗೆ ಹೋಗುವ ತಂಗಿ ಬಿಡುತ್ತಾಳೆಯೇ? "ಭಾರತ ಅಂದ್ರೆ ಇವರಿಗೆ ಹಾವು, ದೇವಸ್ಥಾನ, ಬಣ್ಣ ಇಷ್ಟೇನಾ ಅಣ್ಣ?" ಅಂದಳು. ಈ ಚಿತ್ರ ನೋಡಿದವರಲ್ಲಿ ಅನೇಕರ ತಕರಾರು ಇದೇ, ನನಗೂ ಅರ್ಧ ಒಪ್ಪಿಗೆಯೇ. ಭಕ್ತರು ಬ್ರಹ್ಮಾಸ್ತ್ರ ತೆಗೆದರು: "ಸತ್ಯಜಿತ್ ರಾಯ್ ತಮ್ಮ ಚಿತ್ರಗಳಿಗೆ ಮಾಡಿದ್ದ ಸಂಗೀತ ಇದರಲ್ಲಿದೆ, ಗೊತ್ತಾ?" ರಾಯ್ ಹೆಸರು ಬಂದ ಮೇಲೆ ಯಾರು ಬಾಯಿ ತೆರೆದಾರು? ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಬೇರೆ ಮಾತು.

ನಡುವೆ ಒಂದು ಹಳ್ಳಿ. ಹೊಳೆಗೆ ಬಿದ್ದ ಹುಡುಗನೊಬ್ಬ ಉಳಿಯುವುದಿಲ್ಲ. ತಂದೆಯಾಗಿ ಇರ್ಫಾನ್ ಖಾನ್, ಹೆಚ್ಚು ಮಾತೇ ಇಲ್ಲ. ಮನೆಯೆಲ್ಲ ಗಪ್‌ಚಿಪ್ಪಾಯಿತು.

"ಆ ಬಿಳಿ ಬಟ್ಟೆಗಳ ಕಾಂಪೊಸಿಷನ್ ನೋಡಿ..."

"ಸುಮ್ನಿರೋ, ಮಗು ಸತ್ತಿದೆ," ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಳ್ಳುತ್ತ. ಅಂದು ಆ ಚಿತ್ರವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

ಚಿತ್ರ ಇರುವುದು 91 ನಿಮಿಷ. ನಮ್ಮ ಮನೆಯಲ್ಲಿ ರಾತ್ರಿಯೂಟದ ಹೊತ್ತು ಮೀರಿತು. ನೀವೂ ನೋಡಿ, ಚೆನ್ನಾಗಿದೆ. ರಿಮೋಟು ಮಾತ್ರ ದೊಡ್ಡಮ್ಮನ ಕೈಯಲ್ಲಿರಲಿ.